ನನ್ನ ಮಗಳ ಎಡ ಅಂಗೈ

ಶಾಂಭವಿ ಹುಟ್ಟಿದ ತಕ್ಷಣ ಚೀರಿ ಅತ್ತಳು, ಎರಡೂ ಕಾಲು ಒದ್ದಳು, ಬಲಗೈ ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿದಳು. ಎಡಗೈ ಮಾತ್ರ ಹಿಂಡಿ ಹಾಕಿದ ಬಟ್ಟೆಯ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಅಂಗೈ ಹಿಂದಕ್ಕೆ ತಿರುಗಿಕೊಂಡಿತ್ತು. ಕಾರ್ತಿಕ ಸೋಮವಾರ ಹುಟ್ಟಿದ ಹೆಣ್ಣು, ಶಿವನೇ ಕಳಿಸಿದ್ದು ಎಂದು ಮನೆಯವರೆಲ್ಲ ಆಸ್ಪತ್ರೆಯ ತುಂಬ ಪೇಡ ಹಂಚುತ್ತಿದ್ದರು. ನಾನು ಆ ಕೈಯನ್ನೇ ನೋಡುತ್ತ ಮಲಗಿದ್ದೆ.

ಮಗು ದಪ್ಪ ಇತ್ತು. ತಲೆ ಬಂದು ಭುಜ ಸಿಕ್ಕಿಕೊಂಡಿತು. ಎಳೆಯಲೇಬೇಕಾಯಿತು, ಎಳೆದರು. ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಆ ಎಳೆತಕ್ಕೆ ಹರಿದವು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಡಾಕ್ಟರು ಹೇಳಿದ್ದು ಇಷ್ಟೇ: "ನರ ಸ್ವಲ್ಪ ಎಳೆದಿದೆ ಕಣಮ್ಮ, ತಾನಾಗೇ ಸರಿಹೋಗುತ್ತೆ." ಎಷ್ಟೋ ಮಕ್ಕಳಿಗೆ ಹಾಗೇ ಸರಿಹೋಗುತ್ತದಂತೆ. ನಮಗೆ ಹೋಗಲಿಲ್ಲ.

ನನ್ನ ಹೆಸರು ವಿಶಾಲಾಕ್ಷಿ. ಗಂಡನ ಮನೆ ಅರಸೀಕೆರೆ, ಕೊಬ್ಬರಿ ವ್ಯಾಪಾರ. ತವರು ಹಳೇಬೀಡು. ಬಾಣಂತನಕ್ಕೆ ತವರಿಗೆ ಹೋದೆ. ಮಗು ನೋಡಲು ಬಂದವರೆಲ್ಲ ಮೊದಲು ಕೈ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನಮ್ಮ ದೊಡ್ಡಮ್ಮ ಕೂತ ಕಡೆಯಿಂದಲೇ ಕೇಳಿದರು: "ಗ್ರಹಣದ ದಿನ ಏನಾದ್ರೂ ಹೆಚ್ಚಿದ್ದೇನೇ? ಚಾಕು ಮುಟ್ಟಿದ್ದಾ?"

"ಗ್ರಹಣದ ದಿನ ನಾನು ಮಲಗಿದ್ದೆ ದೊಡ್ಡಮ್ಮ. ನುಗ್ಗೇಕಾಯಿ ಹೆಚ್ಚಿದ್ದು ನಿಮ್ಮ ಬಸುರಿ ಸೊಸೆ. ಅವಳಿಗೆ ಏನಾಯ್ತು? ಗುಂಡುಕಲ್ಲಿನಂಥ ಮಗ ಹುಟ್ಟಲಿಲ್ವಾ?" ಎಂದೆ. ಅವರು ಕಾಫಿ ಲೋಟ ಅರ್ಧಕ್ಕೆ ಇಟ್ಟು ಎದ್ದುಹೋದರು. ಬಾಯಿ ಜಾಸ್ತಿಯಾಯಿತು ಎಂದು ಅಮ್ಮ ಬೈದರು. ಬಾಯಿ ಜಾಸ್ತಿಯೇ. ಶಿವ ನನಗೆ ಕೊಟ್ಟದ್ದರಲ್ಲಿ ಸರಿಯಾಗಿ ಕೆಲಸ ಮಾಡುವುದು ಅದೊಂದೇ.

ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ನೀಡಿಕೊಂಡು ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎರಡೂ ಕೈ ಹಿಡಿದು ಎದೆಯ ಮೇಲೆ ಅಡ್ಡಡ್ಡ ಎಳೆದು ಲಟಿಕೆ ತೆಗೆಯುವುದು ನಮ್ಮ ಕಡೆಯ ಪದ್ಧತಿ. ಎಲ್ಲ ಮಕ್ಕಳೂ ಹಾಗೇ ಬೆಳೆದಿವೆ. ಅಜ್ಜಿ ಎಡಗೈ ಹಿಡಿದು ಒಂದು ಸಲ ಎಳೆದರು. ಮಗು ಉಸಿರು ಕಟ್ಟಿ ನೀಲಿಯಾಯಿತು.

"ಎಳದ್ರೆ ನರ ಬಿಡ್ತದೆ ಕಣವ್ವ, ನಾನೆಷ್ಟು ಕೂಸು ನೋಡಿಲ್ಲ" ಎಂದರು ಅಜ್ಜಿ.

"ಎಳದೇ ಹಿಂಗಾಗಿರೋದು. ಇನ್ನೂ ಎಳೀತೀಯಾ?" ಎಂದು ಎಣ್ಣೆ ಮೈಯ ಮಗುವನ್ನು ಕಸಿದುಕೊಂಡೆ. ಆ ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಹೊತ್ತಿಗೆ ತೀರ್ಮಾನ ಮಾಡಿದೆ: ಬಾಣಂತನ ಮುಗಿಯಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ ಎಂದು ಕಾಯುವುದಿಲ್ಲ. ಮಾರನೆಯ ಬೆಳಿಗ್ಗೆ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಮಗುವನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಿಗೆ ಬಂದೆ. ಅಮ್ಮ ಅಡ್ಡ ನಿಂತರು.

"ಹಸೀ ಬಾಣಂತಿ ಹೊಸಿಲು ದಾಟಬಾರ್ದು ಕಣೇ. ಸನ್ನಿ ಹಿಡೀತದೆ."

"ಹಿಡಿದ್ರೆ ನನಗೆ ಹಿಡೀಲಿ ಬಿಡಮ್ಮ. ಮಗಿನ ಕೈ ಹಿಡೀತಿಲ್ವಲ್ಲ, ಅದಕ್ಕೇನು ಮಾಡ್ತೀಯಾ?"

ಅಮ್ಮ ಒಳಗೆ ಹೋಗಿ ಬಿಸಿನೀರಿನ ಫ್ಲಾಸ್ಕು, ಶಾಲು ತಂದು, ಬಾಗಿಲು ಎಳೆದುಕೊಂಡು ನನ್ನ ಜೊತೆಗೇ ಹೊರಟರು. ಹಾಸನದ ಬಸ್ಸಿನಲ್ಲಿ ಕಂಡಕ್ಟರು ನನ್ನ ಕಿವಿಯ ಹತ್ತಿ ನೋಡಿ, ಮುಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟರು. "ಡ್ರೈವರ್ ಸಾಹೇಬ್ರೇ, ಕೂಸೈತೆ, ಗುಂಡಿ ನೋಡ್ಕೊಂಡು ಹೋಗ್ರಿ" ಎಂದು ಕೂಗಿದರು. ಅವರ ಮಕ್ಕಳು ಮರಿ ತಣ್ಣಗಿರಲಿ.

ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಮಗುವಿನ ತೋಳು ಮುಟ್ಟಿ, ಕಚಗುಳಿ ಇಟ್ಟು, ಗಿಲಕಿ ಆಡಿಸಿ ನೋಡಿದರು. ಬೆರಳು ಆಡುತ್ತಿದ್ದವು. ಮೊಣಕೈ ಮಡಚಲಿಲ್ಲ, ಭುಜ ಏಳಲಿಲ್ಲ. "ಒಳ್ಳೇ ಟೈಮಿಗೆ ಬಂದಿದ್ದೀರಿ. ತಡ ಮಾಡಿದ್ರೆ ಆಪರೇಶನ್ ಮಾಡಿದ್ರೂ ಪ್ರಯೋಜನ ಇರಲ್ಲ, ಎಷ್ಟೋ ಜನ ಹಾಗೆ ಕಳ್ಕೊಂಡಿದ್ದಾರೆ" ಎಂದು ಬೆಂಗಳೂರಿನ ಡಾಕ್ಟರಿಗೆ ಬರೆದುಕೊಟ್ಟರು. ಬೆಂಗಳೂರಿನಲ್ಲಿ, ಇನ್ನೂ ಹಲ್ಲು ಮೂಡದ ಕೂಸಿನ ಕಾಲಿನಿಂದ ನರ ತೆಗೆದು ಕತ್ತಿನಲ್ಲಿ ಜೋಡಿಸಿದರು. ಆಪರೇಶನ್ ಕೋಣೆಯ ಹೊರಗೆ ನಮ್ಮ ಯಜಮಾನರು ಪಂಚಾಕ್ಷರಿ ಜಪ ಮಾಡುತ್ತ ಕೂತಿದ್ದರು. ನನಗೆ ಜಪ ಬರಲಿಲ್ಲ, ಬರೀ ಅಳು ಬಂತು. ಹೊಸ ನರ ಬೆಳೆಯುವುದು ಬಲು ನಿಧಾನ, ಕಾಯಬೇಕು ಎಂದರು. ಕಾದೆವು. ಒಂದು ದಿನ ಮಾರುಕಟ್ಟೆಯ ಮಂಡಿಯಲ್ಲಿ ತಾವೇ ಕೊಬ್ಬರಿ ಬಿಡಿಸುತ್ತ ಕೂತಿದ್ದ ನಮ್ಮ ಯಜಮಾನರಿಗೆ ಫೋನ್ ಮಾಡಿ, "ರೀ, ಬನ್ರೀ ಬೇಗ, ಎಡಗೈಯಲ್ಲಿ ಬೆಲ್ಲದ ಚೂರು ಬಾಯಿಗಿಟ್ಕೊಂಡ್ಳು!" ಎಂದು ಕಿರುಚಿದೆ. ಅವರು ಚಪ್ಪಲಿ ಮೆಟ್ಟದೆ ಓಡಿಬಂದರು.

ಮೊಣಕೈ ಬಂತು. ಭುಜ ಕಿವಿಯ ಮಟ್ಟಕ್ಕೆ ಬಂತು. ಅಂಗೈ ಮಾತ್ರ ಮೇಲಕ್ಕೆ ತಿರುಗಲಿಲ್ಲ. ಕೈ ಮುಂದೆ ಚಾಚಿದರೆ ಹೆಬ್ಬೆರಳು ಮೇಲೆ, ಅಂಗೈ ಪಕ್ಕಕ್ಕೆ. ತೀರ್ಥ ಹಾಕಿದರೆ ಸುರಿದುಹೋಗಬೇಕು, ಹಣ್ಣು ಇಟ್ಟರೆ ಜಾರಬೇಕು, ಹಾಗೆ. "ಇಷ್ಟು ಬಂದದ್ದೇ ದೊಡ್ಡದು. ಇದಕ್ಕಿಂತ ತಿರುಗೋದು ಕಷ್ಟ" ಎಂದರು ಬೆಂಗಳೂರಿನವರು. ಶಾಂಭವಿ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಆ ಕೈಯಲ್ಲಿ ಏನಾದರೂ ಹಿಡಿಯಬೇಕಾದರೆ ಇಡೀ ಮೈಯನ್ನೇ ಎಡಕ್ಕೆ ವಾಲಿಸುತ್ತಿದ್ದಳು. ವ್ಯಾಯಾಮ ಮಾಡುವಾಗ ವಾಲಬಾರದು ಎಂದು ಮೇಡಂ ಹೇಳಿದ್ದರು. ನಾವು ಅದನ್ನು ಹಿಡಿದುಕೊಂಡು ಹೊತ್ತುಗೊತ್ತಿಲ್ಲದೆ ಜಪಿಸಿದೆವು. ಉಣ್ಣುವಾಗ "ನೆಟ್ಟಗೆ ಕೂತ್ಕೋ", ಫೋಟೋ ತೆಗೆಯುವಾಗ "ನೆಟ್ಟಗೆ ನಿಂತ್ಕೋ". ಹೆಣ್ಣುಮಗು, ನೋಡಿದವರು ಏನಂದಾರು ಎನ್ನುವ ಭಯ ಎಲ್ಲರಿಗೂ. ಅವಳು ನೆಟ್ಟಗೆ ಕೂತು ಲೋಟ ಬೀಳಿಸುತ್ತಿದ್ದಳು.

ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಸಾವಿತ್ರಿ ಸಿಕ್ಕಿದಳು. ಬಿಕ್ಕೋಡಿನ ಕಡೆ ಕಾಫಿ ತೋಟದಲ್ಲಿ ಕೂಲಿ ಮಾಡುವವಳು. ಮಡಿಲಲ್ಲಿ ಗಂಡುಕೂಸು ಮಧು, ಅವನಿಗೂ ಅದೇ ಕೈ. ಯಾರೋ ಸೊಪ್ಪು ಅರೆದು ಕಟ್ಟಿದ್ದರು, ಯಾರೋ ತಾಯಿತ ಕಟ್ಟಿದ್ದರು. "ಅಕ್ಕಾ, ಆಪ್ರೇಸನ್ ಅಂತಾರೆ, ಕೂಸು ಉಳೀತದಾ?" ಎಂದು ಕೇಳಿದಳು. ನಾನು ಶಾಂಭವಿಯ ಫ್ರಾಕು ಸರಿಸಿ ಕತ್ತಿನ ಗೆರೆ, ಕಾಲಿನ ಗೆರೆ ತೋರಿಸಿದೆ. ಶಾಂಭವಿ ತೋಳು ಮಡಚಿ ತೋರಿಸಿದಳು. ಸಾವಿತ್ರಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಮಧುವಿನ ಕೈ ನನ್ನ ಮಗಳ ಕೈಗಿಂತ ಚೆನ್ನಾಗಿ ಬಂತು.

ಅಲ್ಲಿಂದ ಶುರುವಾಯಿತು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಬೇಲೂರಿನವರು, ಅರೇಹಳ್ಳಿಯವರು, ಹಳೇಬೀಡಿನ ಬಸದಿ ಹತ್ತಿರದ ಜೈನರ ಮನೆಯವರು, ಹೀಗೆ ಒಬ್ಬೊಬ್ಬರೇ ಕೂಸು ಎತ್ತಿಕೊಂಡು ಬಂದರು. ಅರಸೀಕೆರೆಗೆ ರೈಲೂ ಉಂಟು, ಬಸ್ಸೂ ಉಂಟು. ಭಾನುವಾರ ನಮ್ಮ ಕೊಬ್ಬರಿ ಕೊಟ್ಟಿಗೆಯಲ್ಲಿ ಜಮಖಾನ ಹಾಸುತ್ತೇವೆ. ಮಕ್ಕಳು ವ್ಯಾಯಾಮ ಮಾಡುತ್ತವೆ, ತಾಯಂದಿರು ಅಳುತ್ತಾರೆ, ಆಮೇಲೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತೇವೆ. ಕೊರೊನಾ ಬಂದು ಬಸ್ಸು ನಿಂತಾಗ ಫೋನಿನಲ್ಲೇ ಮುಖ ನೋಡಿಕೊಂಡು ಮಾಡಿಸಿದೆವು. ಯಾರಾದರೂ ತಾಯಿ "ನಮ್ಮ ಪೂರ್ವಜನ್ಮದ ಪಾಪ" ಎಂದು ಶುರು ಮಾಡಿದರೆ, "ಪಾಪ ಪುಣ್ಯ ಆಮೇಲೆ, ಮೊದ್ಲು ಮಗಿನ ಮೊಣಕೈ ಮಡಚು" ಎನ್ನುತ್ತೇನೆ. ನನಗೆ ಅಷ್ಟೇ ಸಮಾಧಾನ ಹೇಳಲು ಬರುವುದು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದಾಗಲೇ ಕೊರಳಿಗೆ ಲಿಂಗ ಕಟ್ಟುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ಮಠದಲ್ಲಿ ದೀಕ್ಷೆ. ಗುರುಗಳು ಆ ಲಿಂಗವನ್ನು ಮಗುವಿನ ಎಡ ಅಂಗೈ ಮೇಲೆ ಇಟ್ಟು ಪೂಜೆ ಹೇಳಿಕೊಡುತ್ತಾರೆ. ಎಡ ಅಂಗೈಯೇ ಪೀಠ, ಬಲಗೈ ಪೂಜೆಗೆ. ಲಿಂಗ ಕೈತಪ್ಪಿ ನೆಲಕ್ಕೆ ಬೀಳುವುದೆಂದರೆ ನಮ್ಮ ಹಿರಿಯರಿಗೆ ಪ್ರಾಣವೇ ಹೋದಂತೆ. ಹೋದ ವರ್ಷ ಶಾಂಭವಿಯ ಓರಗೆಯ ಮಕ್ಕಳಿಗೆ ದೀಕ್ಷೆ ಎಂದು ಗೊತ್ತಾಯಿತು. ನಮ್ಮ ಯಜಮಾನರ ದೊಡ್ಡಪ್ಪ ಮನೆಗೆ ಬಂದರು. ಕುಟುಂಬಕ್ಕೇ ಹಿರಿಯರು, ಎರಡು ಹೊತ್ತು ಪೂಜೆ ತಪ್ಪಿಸದವರು, ಕೆಟ್ಟವರಲ್ಲ.

"ವಿಶಾಲೂ, ಕೂಸಿಗೆ ದೀಕ್ಷೆ ಬ್ಯಾಡ ಕಣಮ್ಮ. ಅಂಗೈ ನಿಲ್ಲಲ್ಲ. ಎಲ್ಲಾರ ಮುಂದೆ ಲಿಂಗ ಜಾರಿ ಬಿದ್ರೆ ಏನು ಗತಿ? ಕೊರಳಲ್ಲಿ ಐತಲ್ಲ, ಅಷ್ಟು ಸಾಕು ಬಿಡು."

"ಕೊರಳಲ್ಲಿ ಸಾಕು ಅಂದ್ರೆ ನಿಮಗ್ಯಾಕೆ ಅಂಗೈಯಲ್ಲಿ ಬೇಕು ದೊಡ್ಡಮಾವ?" ಎಂದೆ.

ಅವರು ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ಸಂದಿಯಲ್ಲಿ ಶಾಂಭವಿ ನಿಂತಿದ್ದಳು. ಅವರು ಹೋದ ಮೇಲೆ ನನ್ನ ಹತ್ತಿರ ಬಂದು, "ಅಮ್ಮಾ, ದೇವರು ನನ್ನ ಕೈಗೆ ಬರಲ್ವಾ?" ಎಂದಳು. ಶಾಲೆಯಲ್ಲಿ ಕೊಂಕುಗೈ ಎಂದಾಗ ತಡೆದುಕೊಂಡಿದ್ದೆ, ಬಸ್ಸಿನಲ್ಲಿ ಅಯ್ಯೋ ಪಾಪ ಎಂದಾಗ ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ.

ಮುಂದಿನ ಹುಣ್ಣಿಮೆಗೆ ಅರಸೀಕೆರೆ ಹತ್ತಿರದ ಜೇನುಕಲ್ಲು ಸಿದ್ದೇಶ್ವರನ ಬೆಟ್ಟ ಹತ್ತಿದೆ. ಸಾವಿತ್ರಿಯೂ ಬಂದಿದ್ದಳು. ಬಿಕ್ಕೋಡಿನಿಂದ ಬೇಲೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹಳೇಬೀಡು ಜಾವಗಲ್ ಮೇಲೆ ಬಂದವಳು. ಮಧು ಎರಡೂ ಕೈ ಎತ್ತಿ ಮುಗಿಯುತ್ತಾನೆ ಎಂದು ಹರಕೆ ತೀರಿಸಲು ಹೂವು, ಹಣ್ಣು, ಕಾಯಿ ಎಲ್ಲ ತಂದಿದ್ದಳು. ನಾನು ಬರಿಗೈಯಲ್ಲಿ ಹೋಗಿದ್ದೆ. ಬಿಸಿಲಿಗೆ ಮೆಟ್ಟಿಲು ಕಾದು ಅಂಗಾಲು ಚುರುಗುಟ್ಟುತ್ತಿತ್ತು, ಅದೂ ಸೇರಿ ಸಿಟ್ಟು ನೆತ್ತಿಗೇರಿತ್ತು. ಗುಡಿಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ:

"ಸಿದ್ದಪ್ಪಾ, ನಮ್ಮ ಕೊಟ್ಟಿಗೆ ತುಂಬ ತೆಂಗಿನಕಾಯಿ ಬಿದ್ದೈತೆ. ನಿನಗೆ ಒಂದೂ ತಂದಿಲ್ಲ, ನೋಡ್ಕೋ. ನನ್ನ ಮಗಳ ಕೈ ಹರಿದಾಗ ನೀನು ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ಈಗ ನಿನ್ನ ಪೂಜೆಗೇ ಅವಳು ಆಗಲ್ಲ ಅಂತಾರೆ. ಆ ಅಂಗೈ ತಿರುಗಿಸು. ಆಗಲ್ವಾ? ನೀನೇ ಇಳಿದು ಬಂದು ಅದು ಹೇಗಿದೆಯೋ ಹಾಗೇ ಕೂತ್ಕೋ. ಎರಡರಲ್ಲಿ ಒಂದು ಆಗಬೇಕು. ಎರಡೂ ಆಗಲ್ಲ ಅಂದ್ರೆ ಈ ಮೆಟ್ಟಿಲು ನಾನು ಮತ್ತೆ ಹತ್ತಲ್ಲ."

ಸುತ್ತಲಿದ್ದವರು ತಿರುಗಿ ನೋಡಿದರು. ಸಾವಿತ್ರಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ದ್ಯಾವ್ರ ಮುಂದೆ ಹಂಗೆಲ್ಲ ಗದರ್ಬಾರ್ದು ಕಣಕ್ಕ."

"ನಿಂಗೆ ಕೊಟ್ಟವ್ನೆ, ನೀನು ಕೈ ಮುಗಿ. ನಂಗೆ ಕೊಟ್ಟಿಲ್ಲ, ನಾನು ಕೇಳ್ತೀನಿ" ಎಂದೆ. ಇಳಿಯುವಾಗ ಸಾವಿತ್ರಿ ನನ್ನ ತೋಳು ಹಿಡಿದುಕೊಂಡೇ ಇಳಿದಳು.

ಆಮೇಲೆ ಮನೆಯಲ್ಲಿ ದಿನಾ ಬೆಳಿಗ್ಗೆ ಶಾಂಭವಿಯನ್ನು ಕೂರಿಸಿ ಅಂಗೈ ತಿರುಗಿಸುವ ವ್ಯಾಯಾಮ. ಬಿಸಿನೀರಿನ ಶಾಖ, ಮೆಲ್ಲಗೆ ತಿರುಗಿಸುವುದು, ಅಂಗೈ ಮೇಲೆ ಅಡಿಕೆ ಇಡುವುದು. ಅಡಿಕೆ ಉರುಳಿ ಬೀಳುತ್ತಿತ್ತು. "ನೆಟ್ಟಗೆ ಕೂತ್ಕೊಂಡು ಹಿಡಿ" ಎಂದು ನಾನು, "ಬರಲ್ಲ ಅಮ್ಮಾ" ಎಂದು ಅವಳು. ಮೇಡಂ ಹತ್ತಿರ ಕರೆದುಕೊಂಡು ಹೋದರೆ ಅವರೂ ನಿಜವನ್ನೇ ಹೇಳಿದರು: "ಮೂಳೆಯೇ ಹಾಗೆ ಬೆಳೆದಿದೆ ವಿಶಾಲಾಕ್ಷಿ. ಮಗುವಿಗೆ ಹಿಂಸೆ ಮಾಡಬೇಡಿ." ಹಾಸನದಿಂದ ಬರುವ ರೈಲಿನಲ್ಲಿ ಶಾಂಭವಿ ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸಿದ್ದಪ್ಪ ಕೈಬಿಟ್ಟ ಎಂದೇ ಅಂದುಕೊಂಡೆ.

ದೀಕ್ಷೆಯ ದಿನ ಹೋಗುವುದೇ ಬೇಡ ಎಂದರು ನಮ್ಮ ಯಜಮಾನರು. ಜಗಳ ಎಂದರೆ ಅವರಿಗೆ ಆಗದು. "ಹೋಗ್ತೀವಿ. ಬೇಡ ಅನ್ನೋದಾದ್ರೆ ಬುದ್ಧಿಯೋರೇ ಅನ್ಲಿ. ಅವರ ಬಾಯಿಂದ ಕೇಳಿ ಬರ್ತೀನಿ" ಎಂದೆ. ನಮ್ಮ ಮಠದ ಗುರುಗಳನ್ನು ನಾವು ಬುದ್ಧಿ ಎಂದೇ ಕರೆಯುವುದು.

ಮಠದ ಹಜಾರದಲ್ಲಿ ಮಕ್ಕಳೆಲ್ಲ ಹಣೆಗೆ ವಿಭೂತಿ ಹಚ್ಚಿಕೊಂಡು ಸಾಲಾಗಿ ಕೂತಿದ್ದವು. ಶಾಂಭವಿಯನ್ನು ಸಾಲಿನ ಕೊನೆಗೆ ಕೂರಿಸಿದೆ. ಬುದ್ಧಿಯವರು ಒಬ್ಬೊಬ್ಬರಿಗೆ ಲಿಂಗ ಇಟ್ಟು, ಕಿವಿಯಲ್ಲಿ ಮಂತ್ರ ಹೇಳುತ್ತ ಬಂದರು. ಅವಳ ಹತ್ತಿರ ಬರುವಷ್ಟರಲ್ಲಿ ದೊಡ್ಡಮಾವ ಎದ್ದು ಕೈಮುಗಿದು ನಿಂತರು.

"ಬುದ್ಧಿ, ಅಪ್ಪಣೆ ಆದ್ರೆ ಒಂದು ಮಾತು. ಈ ಮಗೀಗೆ ಕೈ ಊನ. ಲಿಂಗ ನಿಲ್ಲಲ್ಲ. ಅಪಚಾರ ಆಗ್ತದೆ ಅಂತ ನನ್ನ ಭಯ."

ನಾನು ಹೆಂಗಸರ ಮಧ್ಯದಿಂದ ಎದ್ದು ಹೇಳಿದೆ: "ಬುದ್ಧಿ, ನನ್ನ ಮಗಳ ಕೈ ಊನ ಅಲ್ಲ. ಹರಿದು ಮತ್ತೆ ಎದ್ದ ಕೈ. ಇದಕ್ಕೆ ದೇವರನ್ನ ಹಿಡಿಯೋ ಯೋಗ್ಯತೆ ಇಲ್ಲ ಅನ್ನೋದಾದ್ರೆ ಅಪ್ಪಣೆ ಕೊಡಿ, ಎದ್ದು ಹೋಗ್ತೀವಿ."

ಬುದ್ಧಿಯವರು ನನ್ನನ್ನೂ ನೋಡಲಿಲ್ಲ, ದೊಡ್ಡಮಾವನನ್ನೂ ನೋಡಲಿಲ್ಲ. ಶಾಂಭವಿಯ ಮುಂದೆ ಕೂತು ಕೇಳಿದರು: "ನೀನೇನಂತೀಯೇ ತಾಯಿ?"

ಅವಳು ಒಂದು ಸಲ ನನ್ನ ಕಡೆ ನೋಡಿದಳು. "ಬುದ್ಧಿ, ನಾನು ವಾಲಿ ಕೂತ್ಕೋಬಹುದಾ? ಮನೇಲಿ ಬೈತಾರೆ."

ಯಾರೋ ಕಿಸಕ್ಕನೆ ನಕ್ಕರು. ಬುದ್ಧಿಯವರು ನಗಲಿಲ್ಲ. "ಇಲ್ಲಿ ಯಾರು ಬೈತಾರೆ? ವಾಲು, ನೋಡೋಣ" ಎಂದರು.

ಶಾಂಭವಿ ಎಡ ಮೊಣಕೈಯನ್ನು ಮಂಡಿಗೆ ಊರಿಕೊಂಡಳು. ತಲೆ, ಭುಜ, ಬೆನ್ನು ಎಲ್ಲವನ್ನೂ ಒಟ್ಟಿಗೆ ಎಡಕ್ಕೆ ವಾಲಿಸಿದಳು. ಪಕ್ಕಕ್ಕೆ ಮುಖ ಮಾಡಿದ್ದ ಅಂಗೈ ಆಕಾಶ ನೋಡಿತು. "ಕೈ ತಿರುಗಲ್ಲ ಬುದ್ಧಿ. ನಾನೇ ತಿರುಗ್ತೀನಿ" ಎಂದಳು.

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಷ್ಟು ವರ್ಷ ಎಲ್ಲರೂ ಸೇರಿ ಬೇಡ ಬೇಡ ಎಂದದ್ದನ್ನೇ ಮಗು ಗುರುವಿನ ಮುಂದೆ ಮಾಡಿ ತೋರಿಸಿತ್ತು. ಬುದ್ಧಿಯವರು ಅವಳು ವಾಲಿದಷ್ಟೇ ತಾವೂ ವಾಲಿ, ಆ ಅಂಗೈ ನಡುವೆ ಲಿಂಗವಿಟ್ಟು, ಕಿವಿಯಲ್ಲಿ ಮಂತ್ರ ಹೇಳಿದರು. ಅಷ್ಟರಲ್ಲಿ ದೊಡ್ಡಮಾವ, ಮಂಡಿನೋವಿನ ಮನುಷ್ಯ, ಧಡಧಡನೆ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದರು. ಲಿಂಗ ಬಿದ್ದೀತು ಎಂದು ತಮ್ಮ ಎರಡೂ ಅಂಗೈ ಜೋಡಿಸಿ ಅವಳ ಕೈಯ ಕೆಳಗೆ ಹಿಡಿದರು.

ಶಾಂಭವಿ ಲಿಂಗದ ಮೇಲಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: "ಅಜ್ಜಾ, ಕೈ ತೆಗೀರಿ. ಬೀಳಲ್ಲ."

ಅವರು ಬುದ್ಧಿಯವರ ಮುಖ ನೋಡಿದರು. ಬುದ್ಧಿಯವರು ತಲೆಯಾಡಿಸಿದರು. ದೊಡ್ಡಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಬೀಳಲಿಲ್ಲ. ಅವಳು ಬಲಗೈಯಿಂದ ವಿಭೂತಿ ಇಟ್ಟಳು, ಪತ್ರೆ ಏರಿಸಿದಳು. ದೊಡ್ಡಮಾವ ಶಲ್ಯದಿಂದ ಕಣ್ಣೊರೆಸಿಕೊಂಡು, "ಮುಂದಿನ ಪೂಜೆ ನಮ್ಮನೇಲಿ ಆಗ್ಲಿ ಕೂಸೇ, ನನ್ನ ಪಕ್ಕ ಕೂತ್ಕೋ" ಎಂದರು. ನಾನು ಅತ್ತದ್ದನ್ನು ಬರೆಯುವುದಿಲ್ಲ, ಅಲ್ಲಿದ್ದವರೆಲ್ಲ ನೋಡಿದ್ದಾರೆ.

ಬಂಧುಗಳೇ, ನನ್ನ ಮಗಳ ಕೈ ಇವತ್ತಿಗೂ ತಿರುಗಿಲ್ಲ. ಪವಾಡ ಓದಬೇಕೆಂದು ಕೂತವರಿಗೆ ನಿರಾಸೆಯಾಗಿದ್ದರೆ ಆಗಲಿ. ನಾನು ಕೇಳಿದ ಎರಡರಲ್ಲಿ ಸಿದ್ದಪ್ಪ ಎರಡನೆಯದನ್ನು ಆರಿಸಿಕೊಂಡ, ಇದ್ದ ಅಂಗೈಯಲ್ಲೇ ಬಂದು ಕೂತ. ಅದು ಹೆಚ್ಚು ಎಂದು ನನಗೆ ಈಗ ಅನ್ನಿಸುತ್ತದೆ. ಅದಾದ ಹುಣ್ಣಿಮೆಗೆ ಕಾಯಿ ಹೊತ್ತುಕೊಂಡೇ ಬೆಟ್ಟ ಹತ್ತಿದೆ. ಭಾನುವಾರದ ಕೊಟ್ಟಿಗೆಯಲ್ಲಿ ಈಗ ಮಕ್ಕಳು ವ್ಯಾಯಾಮ ಮುಗಿಸಿದ ಮೇಲೆ ಹೇಗೆ ಬೇಕೋ ಹಾಗೆ ಕೂತು ಉಣ್ಣುತ್ತವೆ. ನಿಮ್ಮ ಮನೆಯಲ್ಲಾಗಲಿ, ಪಕ್ಕದ ಮನೆಯಲ್ಲಾಗಲಿ, ಹುಟ್ಟಿದ ಕೂಸಿನ ಕೈ ಏಳದಿದ್ದರೆ ಗ್ರಹಣ ಲೆಕ್ಕ ಹಾಕುತ್ತ ಕೂರಬೇಡಿ, ಎಳೆಯಬೇಡಿ, ಬಾಣಂತನ ಮುಗಿಯಲಿ ಎಂದು ಕಾಯಬೇಡಿ. ಆವತ್ತೇ ಬಸ್ಸು ಹತ್ತಿ. ದೇವರ ಮೇಲೆ ಸಿಟ್ಟು ಬಂದರೆ ಬೈಯಿರಿ, ಅವನು ಕೇಳಿಸಿಕೊಳ್ಳುತ್ತಾನೆ. ಇದು ನಾನು ಕಂಡ ಸತ್ಯ, ಇದಕ್ಕಿಂತ ಗಟ್ಟಿ ನಂಬಿಕೆ ನನ್ನಲ್ಲಿ ಬೇರೆ ಇಲ್ಲ.

ಸಿದ್ದಪ್ಪಾ, ಶರಣು. ಇನ್ನೂ ಎಷ್ಟೋ ಕೂಸುಗಳ ಕೈ ಬಾಕಿ ಇದೆ, ಅದಕ್ಕೆಲ್ಲ ನಾನು ಕೇಳುತ್ತಲೇ ಇರುತ್ತೇನೆ. ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡ. ದಿನಾ ಬೆಳಿಗ್ಗೆ ನನ್ನ ಮಗಳ ಕೈಯಲ್ಲೇ ಕೂತಿರುತ್ತೀಯ, ಇನ್ನು ಎಲ್ಲಿಗೆ ಹೋಗ್ತೀಯ?